ಜೋಡಿ ತಳ್ಳುಗಾಡಿ: ಪಕ್ಕಪಕ್ಕದ ಆಸನವೋ, ಹಿಂದೆಮುಂದಿನ ಆಸನವೋ?

ಅರೆನಿದ್ದೆ
ಎರಡನೆಯ ಮಗು ಬರುವ ಹೊತ್ತಿಗೆ ಮಗಳಿಗೆ ಎರಡು ವರ್ಷ ತುಂಬಿರುತ್ತದೆ. ನಡೆಯುತ್ತಾಳೆ, ಓಡುತ್ತಾಳೆ, ಆದರೆ ಅವಳಿಗೆ ಮನಸ್ಸು ಬಂದಾಗ ಮಾತ್ರ. ಹೋಗುವಾಗ ಗಾಡಿಯೇ ಬೇಡವೆಂದು ಹಟ, ಬರುವಾಗ ನಡುದಾರಿಯಲ್ಲಿ ಕುಳಿತು ಎರಡೂ ಕೈ ಮೇಲೆತ್ತುವುದು. ಕೈಯಲ್ಲಿ ಇನ್ನೊಂದು ಹಸುಗೂಸು ಇರುವಾಗ ಇವಳನ್ನು ಎತ್ತಿಕೊಳ್ಳುವುದು ಹೇಗೆ ಎಂಬುದೇ ಈಗ ನನ್ನ ಚಿಂತೆ.

ಜೋಡಿ ತಳ್ಳುಗಾಡಿಗಳನ್ನು ನೋಡುತ್ತಾ ಕುಳಿತರೆ ತಲೆ ಸುತ್ತುತ್ತದೆ. ಕೆಲವು ಅಗಲ, ಕೆಲವು ಉದ್ದ, ಕೆಲವು ಒಂಟಿಯಾಗಿ ಹುಟ್ಟಿ ಜೋಡಿಯಾಗಿ ಬೆಳೆಯುವಂಥವು. ಎಲ್ಲವೂ ಹಗುರ, ಎಲ್ಲವೂ ಸುಲಭ ಎಂದೇ ಮಾರುವವರ ಮಾತು. ನಮ್ಮದು ಲಿಫ್ಟ್ ಇರುವ ಕಟ್ಟಡ, ಲಿಫ್ಟ್ ಮಾತ್ರ ಚಿಕ್ಕದು. ಕಾರೂ ಚಿಕ್ಕದು. ದಿನವೂ ನಡೆದು ಹೋಗುವುದು ಮಗಳ ಶಿಶುವಿಹಾರಕ್ಕೆ. ಪತಿಯ ಅಭಿಪ್ರಾಯದಲ್ಲಿ ಜೋಡಿಗಾಡಿ ವ್ಯರ್ಥ, ಚಿಕ್ಕದನ್ನು ಎದೆಗೆ ಕಟ್ಟಿಕೊಂಡರೆ ಸಾಕು. ಕಟ್ಟಿಕೊಳ್ಳುವವಳು ನಾನಾದ್ದರಿಂದ ಆ ಸಲಹೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ದಯವಿಟ್ಟು ಬರೀ ಕಂಪನಿಯ ಹೆಸರು ಬರೆದು ಹೋಗಬೇಡಿ. ಯಾಕೆ ಎಂದೂ ಬರೆಯಿರಿ.

ಅವಳಿಜವಳಿ
ನನ್ನವರು ಅವಳಿಗಳು, ಆದ್ದರಿಂದ ನನಗೆ ಆಯ್ಕೆಯ ಪ್ರಶ್ನೆಯೇ ಬರಲಿಲ್ಲ: ಪಕ್ಕಪಕ್ಕದ ಆಸನ. ಇಂದಿಗೂ ಅದಕ್ಕೇ ನನ್ನ ಮತ. ಇಬ್ಬರಿಗೂ ಎದುರಿನ ದಾರಿ ಕಾಣುತ್ತದೆ, ಇಬ್ಬರ ಬೆನ್ನೂ ಬೇಕಾದಷ್ಟು ಹಿಂದಕ್ಕೆ ಬಾಗುತ್ತದೆ, ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವುದಿಲ್ಲ. ತಳ್ಳುವವರಿಗೆ ಎರಡು ಮುಖಗಳೂ ಒಂದೇ ದೂರದಲ್ಲಿರುತ್ತವೆ. ಒಬ್ಬರ ಟೋಪಿ ಜಾರಿದರೆ, ಇನ್ನೊಬ್ಬರ ಮೂಗು ಸೋರಿದರೆ, ಗಾಡಿ ಸುತ್ತು ಹಾಕಿ ಬರಬೇಕಾಗಿಲ್ಲ.

ತೊಂದರೆ ಒಂದೇ, ಅಗಲ. ಸಾಮಾನ್ಯವಾಗಿ 70ರಿಂದ 80 ಸೆಂಟಿಮೀಟರ್. ಮೌಂಟನ್ ಬಗ್ಗಿ ಡ್ಯುಯೆಟ್‌ನಂಥ ಕೆಲವು 65ರ ಆಸುಪಾಸಿನಲ್ಲಿ ಸಿಗುತ್ತವೆ, ಆದರೆ ಆಗ ಪ್ರತಿ ಆಸನವೂ ಅಷ್ಟೇ ಕಿರಿದು. ದಪ್ಪ ಸ್ವೆಟರ್ ಹಾಕಿದ ಮೂರು ವರ್ಷದ ಮಗುವನ್ನು ಅದರಲ್ಲಿ ತುರುಕಬೇಕಾಗುತ್ತದೆ.

ಮೂರನೆಯ ಮಹಡಿ
ಅಗಲ ಎಂಬ ಆ ಒಂದೇ ತೊಂದರೆ ದಿನಕ್ಕೆಷ್ಟು ಸಲ ಎದುರಾಗುತ್ತದೆ ಎಂಬುದನ್ನೂ ಹೇಳಬೇಕಲ್ಲವೇ, ಅವಳಿಜವಳಿಯವರೇ? ಔಷಧ ಅಂಗಡಿಯ ಬಾಗಿಲು, ಕ್ಲಿನಿಕ್ಕಿನ ಬಾಗಿಲು, ಪಾದಚಾರಿ ದಾರಿಯ ನಡುವೆ ನಿಂತಿರುವ ವಿದ್ಯುತ್ ಕಂಬ. ನಾನು ಹಿಂದೆಮುಂದಿನ ಆಸನದ ಗಾಡಿ ಇಟ್ಟುಕೊಂಡಿದ್ದೇನೆ. ಅಗಲ ಒಂಟಿಗಾಡಿಯಷ್ಟೇ, 60 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಒಂಟಿಗಾಡಿ ನುಗ್ಗುವ ಕಡೆಯೆಲ್ಲ ಇದೂ ನುಗ್ಗುತ್ತದೆ.

ಆದರೆ ಇದರ ಗುಣಗಾನವನ್ನೂ ಮಾಡಲಾರೆ. ಉದ್ದ ಬಹಳ. ತಿರುವಿನಲ್ಲಿ ಮುಂಭಾಗ ಎಲ್ಲಿದೆ ಎಂದು ಅಂದಾಜು ಸಿಗಲು ಸಮಯ ಬೇಕು. ಹಿಂದಿನ ಆಸನದಲ್ಲಿ ಕುಳಿತವರಿಗೆ ಕಾಣುವುದು ಮುಂದಿನ ಆಸನದ ಬೆನ್ನು. ಕಾಲು ಚಾಚಲೂ ಜಾಗ ಕಡಿಮೆ. ಮಾತು ಬರುವ ಮಗುವನ್ನು ಅಲ್ಲಿ ಕೂರಿಸಿದರೆ ದೂರುಗಳಿಗೆ ಕೊನೆಯಿಲ್ಲ. ಮುಂದೆ ಕೂರಿಸಿದರೆ ಪಾದಚಾರಿ ದಾರಿಯ ಅಂಚನ್ನು ಹತ್ತಿಸುವಾಗ ನಿಮ್ಮ ತೋಳುಗಳು ದೂರುತ್ತವೆ.

ಚಕ್ರಪಾಣಿ
ಹೆಸರು ನೋಡಿ ನಗಬೇಡಿ. ಸೈಕಲ್, ಗಾಲಿಕುರ್ಚಿ, ಮಕ್ಕಳ ಗಾಡಿ ರಿಪೇರಿಯೇ ನನ್ನ ಕಸುಬು. ಅಂಚು ಹತ್ತಿಸುವ ವಿಷಯ ಬಂದದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಗಾಡಿಯ ಮುಂದಿನ ಚಕ್ರ ಎತ್ತುವಾಗ ಇಡೀ ಗಾಡಿ ಹಿಂದಿನ ಅಚ್ಚಿನ ಮೇಲೆ ತಿರುಗುತ್ತದೆ. ಅಚ್ಚಿನಿಂದ ಮಗು ಎಷ್ಟು ಮುಂದಿದೆ, ಹಿಡಿ ಎಷ್ಟು ಹಿಂದಿದೆ, ಲೆಕ್ಕ ಇಷ್ಟೇ. 13 ಕಿಲೋ ತೂಗುವ ಮಗು ಅಚ್ಚಿನಿಂದ 60 ಸೆಂಟಿಮೀಟರ್ ಮುಂದೆ ಕುಳಿತಿದೆ, ಹಿಡಿ 20 ಸೆಂಟಿಮೀಟರ್ ಹಿಂದಿದೆ ಎನ್ನಿ. ಬರೀ ಕೆಳಗೊತ್ತಿ ಎತ್ತುವುದಾದರೆ ಆ ಮಗುವಿಗಾಗಿಯೇ 39 ಕಿಲೋ ಭಾರದಷ್ಟು ಒತ್ತಬೇಕು. ಅದೇ ಮಗು 25 ಸೆಂಟಿಮೀಟರ್ ಮುಂದೆ ಕುಳಿತಿದ್ದರೆ 16 ಕಿಲೋ ಸಾಕು. ಗಾಡಿಯ ಸ್ವಂತ ತೂಕ ಬೇರೆ. ಹಿಡಿಯನ್ನು ಹಿಂದಕ್ಕೂ ಎಳೆಯುತ್ತೇವೆ, ಅಚ್ಚಿನ ಮೇಲೆ ಒಂದು ಕಾಲನ್ನೂ ಇಡುತ್ತೇವೆ, ಆದ್ದರಿಂದ ವಾಸ್ತವದಲ್ಲಿ ಇಷ್ಟು ಬೇಕಾಗುವುದಿಲ್ಲ. ಆದರೂ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದು ತಿಳಿಯುತ್ತದೆ. ಹಿಂದೆಮುಂದಿನ ಗಾಡಿಯಲ್ಲಿ ಭಾರದ ಮಗುವನ್ನು ಹಿಂದೆ, ಅಂದರೆ ಅಚ್ಚಿನ ಸಮೀಪ ಕೂರಿಸಲು ಅನುಮತಿ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ. ಕೆಲವದರಲ್ಲಿ ಹಸುಗೂಸಿನ ಜಾಗ ನಿಗದಿಯಾಗಿರುತ್ತದೆ, ಅದಲುಬದಲು ಮಾಡುವಂತಿಲ್ಲ.

ಪಕ್ಕಪಕ್ಕದ ಗಾಡಿಯಲ್ಲಿ ಅಂಚು ಹತ್ತುವ ಕಷ್ಟ ಕಡಿಮೆ, ಬದಲಿಗೆ ಗಾಡಿ ಭಾರದ ಕಡೆಗೆ ಎಳೆಯುತ್ತದೆ. ಅವಳಿಗಳಿದ್ದವರಿಗೆ ಇದು ಗೊತ್ತಾಗುವುದೇ ಇಲ್ಲ. ಒಂದು ಕಡೆ 13 ಕಿಲೋ, ಇನ್ನೊಂದು ಕಡೆ 4 ಕಿಲೋ ಇಟ್ಟು ಒಂದೇ ಕೈಯಲ್ಲಿ ತಳ್ಳಿ ನೋಡಿ, ತಾನಾಗಿಯೇ ಓರೆಯಾಗಿ ಹೋಗುತ್ತದೆ. ಚಕ್ರ ಚಿಕ್ಕದಾದಷ್ಟೂ ಇದು ಹೆಚ್ಚು. ದೊಡ್ಡ ಚಕ್ರ, ಗಟ್ಟಿಯಾದ ಒಂದೇ ಉದ್ದ ಹಿಡಿ ಇರುವ ಗಾಡಿಯಲ್ಲಿ ಸಂಭಾಳಿಸಬಹುದು. ಎರಡು ಬಿಡಿ ಹಿಡಿಗಳಿರುವ, ಕೊಡೆಯಂತೆ ಮಡಚುವ ಜೋಡಿಗಾಡಿಯನ್ನು ಒಂದು ಕೈಯಲ್ಲಿ ನಡೆಸುವುದು ಆಗದ ಮಾತು. ಇನ್ನೊಂದು ಕೈಯಲ್ಲಿ ಏನೋ ಹಿಡಿದಿರುವುದಂತೂ ಖಂಡಿತ.

ಅರೆನಿದ್ದೆ
ಚಕ್ರಪಾಣಿಯವರೇ, ಇಂಥ ಉತ್ತರಕ್ಕೇ ಕಾಯುತ್ತಿದ್ದೆ. ಒಂದು ಸಂದೇಹ. ನನಗೆ ಹಿಡಿಸಿದ ಒಂದು ಗಾಡಿಯಲ್ಲಿ ಎರಡೂ ಆಸನಗಳು ‘ಬಹುತೇಕ ಪೂರ್ತಿ’ ಮಲಗುತ್ತವೆ ಎಂದು ಬರೆದಿದ್ದಾರೆ. ಹಸುಗೂಸಿಗೆ ಅಷ್ಟು ಸಾಕೇ, ಅಥವಾ ತೊಟ್ಟಿಲು ಬೇರೆಯೇ ಬೇಕೇ?

ರಾತ್ರಿಪಾಳಿ
ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ‘ಬಹುತೇಕ’ ಎಂಬ ಪದವಿದ್ದಲ್ಲಿ ಎಚ್ಚರ ವಹಿಸಿ. ಹುಟ್ಟಿದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿಗೆ ಬಲವಿಲ್ಲ. ಅರ್ಧ ಕುಳಿತ ಭಂಗಿಯಲ್ಲಿ ನಿದ್ದೆ ಹೋದರೆ ಗಲ್ಲ ಎದೆಗೆ ತಾಗಿ ಉಸಿರಿನ ದಾರಿ ಮಡಚಿಕೊಳ್ಳಬಹುದು. ಇದರಲ್ಲಿ ಸದ್ದಾಗುವುದಿಲ್ಲ, ಮಗು ಅಳುವುದಿಲ್ಲ, ಅಪಾಯ ಅಲ್ಲೇ ಇರುವುದು. ಆದ್ದರಿಂದ ಮೊದಲ ಆರು ತಿಂಗಳ ಆಸುಪಾಸಿನವರೆಗೆ, ಅಂದರೆ ಆಧಾರವಿಲ್ಲದೆ ಕುಳಿತುಕೊಳ್ಳುವವರೆಗೆ, ಸಮತಟ್ಟಾಗಿ ಮಲಗಿಸುವ ಆಸನ ಅಥವಾ ಗಾಡಿಗೆ ಜೋಡಿಸುವ ತೊಟ್ಟಿಲು ಬೇಕು. ಎಷ್ಟು ತಿಂಗಳಿಂದ ಬಳಸಬಹುದು ಎಂಬುದು ಪ್ರತಿ ಆಸನಕ್ಕೂ ಬೇರೆ ಇರಬಹುದು. ಒಂದೇ ಗಾಡಿಯ ಮುಂದಿನ ಆಸನ ಹುಟ್ಟಿದ ದಿನದಿಂದ, ಹಿಂದಿನದು ಆರು ತಿಂಗಳ ನಂತರ ಎಂದಿರುವುದು ಸಾಮಾನ್ಯ.

ಕಾರಿನ ಶಿಶು ಆಸನವನ್ನೇ ಗಾಡಿಗೆ ಸಿಕ್ಕಿಸುವ ಏರ್ಪಾಡು ಹಲವರಿಗೆ ಇಷ್ಟ. ಮಗು ಎಚ್ಚರಗೊಳ್ಳದಂತೆ ಕಾರಿನಿಂದ ಇಳಿಸಬಹುದು, ಒಪ್ಪುತ್ತೇನೆ. ಆದರೆ ಅದು ಪ್ರಯಾಣದ ಸುರಕ್ಷತೆಗೆಂದು ಮಾಡಿದ್ದು, ಮಧ್ಯಾಹ್ನದ ನಿದ್ದೆಗಲ್ಲ. ತಲುಪಿದ ಮೇಲೆ ಎತ್ತಿ ಸಮತಟ್ಟಾದ ಜಾಗದಲ್ಲಿ ಮಲಗಿಸಿ.

ಬಿಸಿಲಿಗೆಂದು ಗಾಡಿಯ ಮೇಲೆ ಬಟ್ಟೆ ಹೊದಿಸುವವರನ್ನು ಕಂಡರೆ ನಾನು ರಸ್ತೆಯಲ್ಲೇ ನಿಲ್ಲಿಸಿ ಹೇಳುತ್ತೇನೆ, ಅಷ್ಟು ಅಧಿಕಪ್ರಸಂಗ ನನ್ನದು. ಬಟ್ಟೆ ತೆಳುವಾಗಿದ್ದರೂ ಒಳಗೆ ಗಾಳಿಯಾಡದೆ ಶಾಖ ಬೇಗನೆ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣದು. ಗಾಡಿಯದೇ ಕೊಡೆ ಅಥವಾ ಪಕ್ಕಕ್ಕೆ ಸಿಕ್ಕಿಸುವ ಛತ್ರಿ ಬಳಸಿ.

ಎದೆಗೂಡು
ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ: ಎರಡು ವರ್ಷದ ಅಂತರಕ್ಕೆ ಜೋಡಿಗಾಡಿ ಬೇಡ. ನಾನು ಇಬ್ಬರ ತಂದೆ, ಹೊತ್ತವನು ನಾನೇ, ಹೆಂಡತಿಗೆ ಉಪದೇಶ ಮಾಡಿದವನಲ್ಲ. ಹಸುಗೂಸು ಎದೆಯ ಚೀಲದಲ್ಲಿ, ದೊಡ್ಡವನು ಇದ್ದ ಹಳೆಯ ಒಂಟಿಗಾಡಿಯಲ್ಲಿ. ಚಿಕ್ಕದು ಗಾಡಿಯಲ್ಲಿ ಕೂರುವಷ್ಟಾದಾಗ ದೊಡ್ಡವನಿಗೆ ಮೂರು ಹತ್ತಿರವಾಗಿತ್ತು, ಗಾಡಿಯ ಹಿಂದೆ ಸಿಕ್ಕಿಸುವ ನಿಲ್ಲುಹಲಗೆ ತಂದೆವು. ಎರಡು ಚಕ್ರದ ಪುಟ್ಟ ಹಲಗೆ, ಸಾಮಾನ್ಯವಾಗಿ 20 ಕಿಲೋವರೆಗೆ ತಡೆಯುತ್ತದೆ. ಬೇಕೆಂದಾಗ ಹತ್ತುತ್ತಾನೆ, ಬೇಡವೆಂದಾಗ ಇಳಿಯುತ್ತಾನೆ.

ಜೋಡಿಗಾಡಿ ನಿಜವಾಗಿ ಅನಿವಾರ್ಯವಾಗುವ ಕಾಲ ಬಹಳ ಚಿಕ್ಕದು. ಆ ಕಾಲ ಮುಗಿದ ಮೇಲೆ ಅದು ಮನೆಯ ಮೂಲೆಯಲ್ಲಿ ಬೀಡುಬಿಡುತ್ತದೆ.

ಮೂರನೆಯ ಮಹಡಿ
ನಿಲ್ಲುಹಲಗೆಯ ಮೇಲೆ ನಿದ್ದೆ ಮಾಡಲಾಗುವುದಿಲ್ಲ, ಎದೆಗೂಡಿನವರೇ. ನನ್ನ ದೊಡ್ಡವಳು ಮೂರು ದಾಟಿದ ಮೇಲೂ ಮಧ್ಯಾಹ್ನ ಎಲ್ಲಿದ್ದರೆ ಅಲ್ಲೇ ನಿದ್ದೆ ಹೋಗುತ್ತಿದ್ದಳು. ಹಲಗೆಯ ಅಂಚಿಗೆ ನಮ್ಮ ಮೊಣಕಾಲ ಕೆಳಭಾಗ ತಾಗುವುದೂ, ಬಗ್ಗಿ ತಳ್ಳಬೇಕಾಗುವುದೂ ಬೇರೆ. ಎತ್ತರದವರಿಗೆ ಬೆನ್ನುನೋವು ಗ್ಯಾರಂಟಿ. ಎಲ್ಲಕ್ಕಿಂತ ಮುಖ್ಯ, ಹಲಗೆಯ ಮೇಲಿರುವ ಮಗುವಿಗೆ ಪಟ್ಟಿ ಇಲ್ಲ. ರಸ್ತೆ ದಾಟುವಾಗ ನಾಯಿ ಕಂಡಿತೆಂದು ಇಳಿದು ಓಡುವ ಸ್ವಭಾವದ ಮಕ್ಕಳಿಗೆ ಹಲಗೆ ಆಗಿಬರುವುದಿಲ್ಲ.

ರಾತ್ರಿಪಾಳಿ
ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಎದೆಯ ಚೀಲ ಒಳ್ಳೆಯದೇ, ಮಗುವಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿರಬಾರದು, ಮೂಗುಬಾಯಿ ಬಟ್ಟೆಗೆ ಅಂಟಿರಬಾರದು ಎಂಬ ಷರತ್ತಿನ ಮೇಲೆ. ಆದರೆ ಬಾಣಂತಿಯ ದೇಹವನ್ನು ಮರೆತು ಮಾತಾಡಬೇಡಿ. ಸಿಸೇರಿಯನ್ ಆಗಿದ್ದರೆ ಮೊದಲ ಆರು ವಾರ ಹಸುಗೂಸಿಗಿಂತ ಭಾರವಾದ ಏನನ್ನೂ ಎತ್ತಬೇಡಿ ಎಂದು ನಾವು ಹೇಳಿ ಕಳುಹಿಸುತ್ತೇವೆ. ಎರಡು ವರ್ಷದ ಮಗು ಅದಕ್ಕಿಂತ ಮೂರ್ನಾಲ್ಕು ಪಟ್ಟು ಭಾರ. ಬಹುತೇಕ ಜೋಡಿಗಾಡಿಗಳು ಖಾಲಿಯಿದ್ದಾಗಲೇ 12ರಿಂದ 18 ಕಿಲೋ. ಅಂದರೆ ಗಾಡಿಯನ್ನು ಕಾರಿಗೆ ಹಾಕುವ ಕೆಲಸ ಆ ವಾರಗಳಲ್ಲಿ ಬೇರೆಯವರದ್ದೇ. ಬೇರೆಯವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಏನು ಎಂಬ ಪ್ರಶ್ನೆಯನ್ನು ಗಾಡಿ ಕೊಳ್ಳುವ ಮೊದಲೇ ಗಂಡಹೆಂಡಿರು ಕುಳಿತು ಮಾತಾಡಬೇಕು.

ಎದೆಗೂಡು
ಒಪ್ಪಿದೆ. ನನ್ನ ಮಾತು ಹೊರುವವನು ಮನೆಯಲ್ಲಿರುವ ಮನೆಗಳಿಗೆ ಮಾತ್ರ. ಓಡುವ ಮಗುವಿಗೆ ಹಲಗೆ ಬೇಡ ಎಂಬುದನ್ನೂ ಒಪ್ಪುತ್ತೇನೆ, ನನ್ನವನು ಸೋಮಾರಿ.

ಮೊಮ್ಮಕ್ಕಳ ಸಾರಥಿ
ಮಕ್ಕಳೇ, ನೀವೆಲ್ಲ ತಾಯ್ತಂದೆಯರ ಕಡೆಯಿಂದ ಮಾತಾಡುತ್ತಿದ್ದೀರಿ. ಹಗಲು ಹೊತ್ತು ಗಾಡಿ ತಳ್ಳುವವನು ನಾನು, ಅಜ್ಜ. ಮಗ ಸೊಸೆ ಅಂಗಡಿಗೆ ಹೋಗಿ, ನೋಡಿ, ಮೆಚ್ಚಿ ತಂದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಮಡಚಲು ಒಂದು ಕೈಯಲ್ಲಿ ಗುಂಡಿ ಒತ್ತಿ, ಇನ್ನೊಂದು ಕೈಯಲ್ಲಿ ತಿರುಚಿ, ಅದೇ ಹೊತ್ತಿಗೆ ಕಾಲಿನಿಂದ ಒಂದು ಸನ್ನೆ ತುಳಿಯಬೇಕು. ಸಂಧಿವಾತದ ಬೆರಳುಗಳಿಗೆ ಆ ಗುಂಡಿ ಬಗ್ಗುವುದಿಲ್ಲ. ಆದ್ದರಿಂದ ನಮ್ಮ ಗಾಡಿ ಮಡಚುವುದೇ ಇಲ್ಲ, ಬಾಗಿಲ ಬಳಿ ಕಾವಲುಗಾರನಂತೆ ನಿಂತಿರುತ್ತದೆ.

ಯಾರೆಲ್ಲ ತಳ್ಳುತ್ತಾರೋ ಅವರೆಲ್ಲರ ಎತ್ತರಕ್ಕೆ ಹಿಡಿ ಹೊಂದಿಸಲು ಬರುತ್ತದೆಯೇ ನೋಡಿ. ಬ್ರೇಕ್ ಬಿಡಿಸಲು ಪಾದದ ಮೇಲ್ಭಾಗದಿಂದ ಮೇಲೆತ್ತಬೇಕಾದ ಪೆಡಲ್ ಇದ್ದರೆ ಚಪ್ಪಲಿ ಹಾಕಿದವರ ಬೆರಳಿಗೆ ನೋವು. ಒತ್ತಿದರೆ ಹಿಡಿಯುವ, ಮತ್ತೆ ಒತ್ತಿದರೆ ಬಿಡುವ ಬ್ರೇಕ್ ನನಗೆ ಇಷ್ಟ. ಹಿಡಿಯಿಂದ ಕೈಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ ಇದ್ದರೆ ಇಳಿಜಾರಿನಲ್ಲಿ ಧೈರ್ಯ. ಇದನ್ನು ಅಂಗಡಿಯವರು ಹೇಳುವುದಿಲ್ಲ, ನೀವೂ ಕೇಳುವುದಿಲ್ಲ.

ಅರೆನಿದ್ದೆ
ಅಜ್ಜ, ನಮ್ಮ ಮನೆಯಲ್ಲೂ ಹಗಲು ತಳ್ಳುವವರು ಅತ್ತೆ. ಅವರನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಈಗಲೇ ಕೇಳಿದೆ. ‘ಮೊದಲು ಲಿಫ್ಟಿನಲ್ಲಿ ಹಿಡಿಸುತ್ತದೆಯೇ ನೋಡು’ ಎಂದರು. ಟೇಪು ಹಿಡಿದು ಹೋಗಿ ಅಳೆದು ಬಂದೆ. ಲಿಫ್ಟಿನ ಬಾಗಿಲು 80 ಸೆಂಟಿಮೀಟರ್, ಒಳಗಿನ ಆಳ 110. ನಮ್ಮ ಮುಂಬಾಗಿಲು ಚೌಕಟ್ಟಿನಿಂದ ಚೌಕಟ್ಟಿಗೆ 85 ಇದ್ದರೂ ಹಿಂದೆ ಚಪ್ಪಲಿ ಕಪಾಟು ಇರುವುದರಿಂದ ಪೂರ್ತಿ ತೆರೆಯುವುದಿಲ್ಲ, ಉಳಿಯುವುದು 72.

ಚಕ್ರಪಾಣಿ
ನಿಮ್ಮ ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಕಪಾಟನ್ನು ಸರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಅಳತೆಯ ವಿಷಯದಲ್ಲಿ ಎರಡು ಮಾತು. ಪೆಟ್ಟಿಗೆಯ ಮೇಲೆ ಬರೆದ ಅಗಲ ಕೆಲವೊಮ್ಮೆ ಚೌಕಟ್ಟಿನದು, ಆದರೆ ಬಾಗಿಲಿಗೆ ತಾಗುವುದು ಹಿಂದಿನ ಚಕ್ರದ ಹೊರ ಅಂಚು. ಅದನ್ನೇ ಅಳೆಯಿರಿ. ಅದರ ಮೇಲೆ ಎರಡು ಬದಿಗೂ ಬೆರಳು ಆಡುವಷ್ಟು ಜಾಗ ಇರಲಿ, ಇಲ್ಲವಾದರೆ ದಿನವೂ ಬಾಗಿಲಿನ ಬಣ್ಣ ಕೀಳುತ್ತೀರಿ. ಎರಡನೆಯದು, ಲಿಫ್ಟಿನ ಆಳ 110 ಎಂದರೆ ಹಿಂದೆಮುಂದಿನ ಉದ್ದನೆಯ ಗಾಡಿ ನೇರವಾಗಿ ಹೋಗಿ ನಿಲ್ಲಬಹುದು, ಆದರೆ ತಳ್ಳಿದ ನೀವು ಎಲ್ಲಿ ನಿಲ್ಲುತ್ತೀರಿ? ಗಾಡಿಯ ಉದ್ದ ಮಾತ್ರ ಅಳೆದರೆ ಸಾಲದು, ಅದರ ಹಿಂದೆ ನಿಂತ ಮನುಷ್ಯನನ್ನೂ ಸೇರಿಸಿ ಅಳೆಯಬೇಕು. ಪಕ್ಕಪಕ್ಕದ ಗಾಡಿ ಮೋಟು, ಲಿಫ್ಟಿನಲ್ಲಿ ಅದೇ ಅನುಕೂಲ.

ಕಾರಿನ ಡಿಕ್ಕಿಯನ್ನೂ ಬಿಡಬೇಡಿ. ಅದರ ಬಾಯಿ ಒಳಗಿನ ಜಾಗಕ್ಕಿಂತ ಕಿರಿದಾಗಿರುತ್ತದೆ. ಒಳಗೆ ಹಿಡಿಸುತ್ತದೆ, ಬಾಯಿಯಲ್ಲಿ ನುಗ್ಗುವುದಿಲ್ಲ ಎಂದು ಚಕ್ರ ಕಳಚಿ ತುಂಬುವವರನ್ನು ದಿನವೂ ನೋಡುತ್ತೇನೆ. ಕಳಚಿದ ಚಕ್ರವನ್ನು ಮತ್ತೆ ಹಾಕುವಾಗ ಟಕ್ ಎಂದು ಕೂರಿಸದೆ ಹಾಗೇ ತಳ್ಳಿಕೊಂಡು ಬಂದು, ಚಕ್ರ ಕಳಚಿ ಬಿತ್ತು ಎಂದು ನನ್ನ ಬಳಿಗೇ ತರುತ್ತಾರೆ.

ಕೊಡೆಯಂತೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದ ಓವೆನ್ ಮ್ಯಾಕ್ಲಾರೆನ್ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳನ್ನು ಒಳಗೆ ಮಡಚಿಕೊಳ್ಳುವ ಏರ್ಪಾಡಿನಲ್ಲಿ ಕೆಲಸ ಮಾಡಿದವರು. ಅವರ ಅಲ್ಯೂಮಿನಿಯಂ ಗಾಡಿ ಮೂರು ಕಿಲೋ ಕೂಡ ಇರಲಿಲ್ಲ. ಈಗಿನ ಜೋಡಿಗಾಡಿಗಳನ್ನು ಮೇಜಿನ ಮೇಲೆ ಎತ್ತಿಡುವಾಗಲೆಲ್ಲ ನನಗೆ ಆ ಮನುಷ್ಯನ ನೆನಪಾಗುತ್ತದೆ.

ಒಂದೂಕಾಲು
ಒಂಟಿಯಿಂದ ಜೋಡಿಯಾಗುವ ಗಾಡಿಗಳ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ನನ್ನ ಬಳಿ ಇರುವುದು ಅದೇ ಜಾತಿಯದು. ಇವುಗಳಲ್ಲಿ ಎರಡು ಬಗೆ. ಬಗಾಬೂ ಡಾಂಕಿಯಂಥದ್ದು ಅಡ್ಡಕ್ಕೆ ಬೆಳೆಯುತ್ತದೆ, ಒಂಟಿಯಾಗಿದ್ದಾಗ 60 ಸೆಂಟಿಮೀಟರ್, ಜೋಡಿಯಾದಾಗ 74. ಅಪ್ಪಾಬೇಬಿ ವಿಸ್ಟಾ, ಬೇಬಿ ಜಾಗರ್ ಸಿಟಿ ಸೆಲೆಕ್ಟ್‌ನಂಥವು ಅದೇ ಅಗಲದಲ್ಲೇ ಉಳಿದು, ಎರಡನೆಯ ಆಸನವನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಜೋಡಿಸಿಕೊಳ್ಳುತ್ತವೆ. ದೊಡ್ಡ ಮಗು ಗಾಡಿ ಬಿಟ್ಟ ಮೇಲೆ ಆಸನ ಕಳಚಿದರೆ ಮತ್ತೆ ಒಂಟಿಗಾಡಿ. ಎದೆಗೂಡಿನವರು ಹೇಳಿದ ಮೂಲೆಯಲ್ಲಿ ಬೀಡುಬಿಡುವ ಸಮಸ್ಯೆ ಇವುಗಳಿಗಿಲ್ಲ.

ಆದರೆ ಎರಡನೆಯ ಆಸನ, ಅದರ ಜೋಡಣೆಯ ಕೊಂಡಿಗಳು, ತೊಟ್ಟಿಲು, ಮಳೆಯ ಹೊದಿಕೆ ಎಲ್ಲವೂ ಬಿಡಿಬಿಡಿಯಾಗಿ ಕೊಳ್ಳಬೇಕು. ಎರಡನೆಯ ಆಸನ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಚಿಕ್ಕದು, ತೂಕದ ಮಿತಿಯೂ ಕಡಿಮೆ. ವಿಸ್ಟಾದಲ್ಲಿ ಮುಖ್ಯ ಆಸನಕ್ಕೆ ಸುಮಾರು 22 ಕಿಲೋವರೆಗೆ ಮಿತಿ ಇದ್ದರೆ ಹೆಚ್ಚುವರಿ ಆಸನಕ್ಕೆ 16ರ ಹತ್ತಿರ. ಇಲ್ಲಿ ತಮಾಷೆ ಏನೆಂದರೆ, ಹಸುಗೂಸಿನ ತೊಟ್ಟಿಲು ಮುಖ್ಯ ಜಾಗಕ್ಕೆ ಕುಳಿತರೆ, ಭಾರದ ಮಗು ಚಿಕ್ಕ ಆಸನಕ್ಕೆ ಬರುತ್ತದೆ. ನಿಮ್ಮ ಮಗಳು ಎತ್ತರದವಳಾದರೆ ತಲೆ ಕೊಡೆಗೆ ತಾಗುತ್ತದೆಯೇ ಎಂದು ಕೂರಿಸಿಯೇ ನೋಡಬೇಕು.

ಚಕ್ರಪಾಣಿ
ತೂಕದ ಮಿತಿಯ ಮಾತು ಸರಿಯಾಗಿ ಎತ್ತಿದಿರಿ. ಯುರೋಪಿನ ಇಎನ್ 1888 ಮಾನದಂಡ 2018ರಲ್ಲಿ ಎರಡು ಭಾಗವಾಯಿತು. ಮೊದಲ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಎರಡನೆಯದು 15ಕ್ಕಿಂತ ಮೇಲೆ 22 ಕಿಲೋವರೆಗೆ. ಅಮೆರಿಕದಲ್ಲಿ ಎಎಸ್‌ಟಿಎಂ ಎಫ್833. ಗಾಡಿಯ ಚೀಟಿಯಲ್ಲಿ ಇವುಗಳಲ್ಲಿ ಯಾವುದಿದೆ ನೋಡಿ. ಎರಡು ವರ್ಷದ ಮಗುವನ್ನು ಇನ್ನೂ ಒಂದೂವರೆ ವರ್ಷ ಕೂರಿಸುವ ಯೋಚನೆ ಇದ್ದರೆ 15 ಕಿಲೋ ಮಿತಿಯ ಆಸನ ಅಷ್ಟು ದಿನ ಸಾಲದೇ ಹೋಗಬಹುದು. ಕೆಳಗಿನ ಬುಟ್ಟಿಗೂ ಬೇರೆಯದೇ ಮಿತಿ ಇರುತ್ತದೆ, ಅದನ್ನು ಓದಿದವರನ್ನು ನಾನು ಇನ್ನೂ ಕಂಡಿಲ್ಲ.

ಅವಳಿಜವಳಿ
ಒಂದು ಹಿನ್ನಡೆಯನ್ನು ನಾನೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮೂರನೆಯ ಮಹಡಿಯವರು ಹೇಳುತ್ತಾರೆ. ಪಕ್ಕಪಕ್ಕದಲ್ಲಿ ದೊಡ್ಡ ಮಗುವಿನ ಕೈಗೆ ಚಿಕ್ಕದು ಎಟುಕುತ್ತದೆ. ನನ್ನವರು ಸರಿಸಮಾನರು, ಜಗಳವೂ ಸರಿಸಮಾನ. ಎರಡು ವರ್ಷದವರು ಪ್ರೀತಿಯಿಂದಲೇ ಬಿಸ್ಕತ್ತು ತಿನ್ನಿಸಲು ಹೋಗುತ್ತಾರೆ, ಕಣ್ಣು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ತೊಟ್ಟಿಲಿನ ಗೋಡೆ ಎತ್ತರವಿರುವ ಮಾದರಿಯಾದರೆ ಸ್ವಲ್ಪ ರಕ್ಷಣೆ.

ಮೂರನೆಯ ಮಹಡಿ
ಹೇಳುವವಳಿದ್ದೆ, ಸರಿಯಾಗಿ ಊಹಿಸಿದಿರಿ. ಹಾಗೆಂದು ನನ್ನ ಗಾಡಿಯಲ್ಲಿ ಶಾಂತಿ ನೆಲೆಸಿದೆ ಎಂದಲ್ಲ. ಹಿಂದೆ ಕುಳಿತವಳು ಮುಂದಿನ ಆಸನದ ಬೆನ್ನಿಗೆ ಒದೆಯುತ್ತಿರುತ್ತಾಳೆ, ಮುಂದಿದ್ದ ಕೂಸಿಗೆ ಅದೇ ತೂಗಿದಂತಾಗಿ ನಿದ್ದೆ ಬರುತ್ತದೆ.

ಅರೆನಿದ್ದೆಯವರೇ, ಗಾಡಿ ಯಾವುದೇ ಇರಲಿ, ಮಗು ಹುಟ್ಟುವ ಕೆಲವು ವಾರ ಮೊದಲೇ ತಂದು ಮಗಳಿಗೆ ಯಾವ ಆಸನ ಬೇಕೆಂದು ಅವಳೇ ಹೇಳಲಿ. ಅವಳ ಹಳೆಯ ಆಸನದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ತಂಗಿಯೋ ತಮ್ಮನೋ ಮಲಗಿದ್ದರೆ ಅವಳು ನಿಮ್ಮನ್ನು ಸುಲಭವಾಗಿ ಕ್ಷಮಿಸುವುದಿಲ್ಲ.

ಅರೆನಿದ್ದೆ
ಕಪಾಟು ಸರಿಸಲಾಗಿದೆ. ಪತಿಯೇ ಸರಿಸಿದರು, ಬಾಯಿಬಿಡದೆ. ಈಗ ಬಾಗಿಲು ಪೂರ್ತಿ ತೆರೆಯುತ್ತದೆ, ಹಾಗಾಗಿ 74ರದ್ದು ನುಗ್ಗುತ್ತದೆ. ಲಿಫ್ಟಿನ ದೃಷ್ಟಿಯಿಂದ ಪಕ್ಕಪಕ್ಕದ್ದೇ ಸರಿ ಎನ್ನಿಸುತ್ತಿದೆ. ಆದರೆ ಹೊಸದನ್ನು ಕೊಳ್ಳುವ ಮನಸ್ಸಿಲ್ಲ. ಎದೆಗೂಡಿನವರ ಮಾತು ನಿಜವಾದರೆ ಅಷ್ಟು ಕಡಿಮೆ ಕಾಲಕ್ಕೆ ಅಷ್ಟು ಹಣ ಏಕೆ? ಪರಿಚಯದವರೊಬ್ಬರ ಬಳಿ ಬಳಸಿದ್ದೊಂದು ಇದೆ. ನೋಡಲು ಹೋಗುವಾಗ ಏನೇನು ಪರೀಕ್ಷಿಸಬೇಕು?

ಚಕ್ರಪಾಣಿ
ಬಟ್ಟೆ ಮಾಸಿದೆಯೇ ಎಂದು ನೋಡುವುದರಲ್ಲಿ ಸಮಯ ಕಳೆಯಬೇಡಿ, ಬಟ್ಟೆ ಒಗೆಯಬಹುದು. ಚೌಕಟ್ಟು ನೋಡಿ. ಮಡಚುವ ಕೀಲುಗಳಲ್ಲಿ ಬಿರುಕು, ಬಾಗಿದ ಕೊಳವೆ, ಬೇರೆ ಯಾವುದೋ ಮೊಳೆ ಹಾಕಿ ಕಟ್ಟಿದ ಜಾಗ ಇದ್ದರೆ ಧನ್ಯವಾದ ಹೇಳಿ ಎದ್ದು ಬನ್ನಿ. ಗಾಡಿ ಬಿಡಿಸಿದ ಮೇಲೆ ಬೀಗ ತಾನಾಗಿ ಬೀಳಬೇಕು, ಮುಖ್ಯ ಬೀಗ ತೆಗೆದರೂ ಎರಡನೆಯ ಕೊಂಡಿ ಗಾಡಿಯನ್ನು ಹಿಡಿದಿಡಬೇಕು. ಹಿಡಿ ಒತ್ತಿ ಅಲುಗಾಡಿಸಿ, ಮಡಚಲು ಹೊರಟರೆ ಬೇಡ.

ಕೀಲಿನ ವಿಷಯದಲ್ಲಿ ನಾನು ಹಟಮಾರಿ, ಕಾರಣವಿದೆ. 2009ರಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳಿಗೆ ಕೀಲುಗಳನ್ನು ಮುಚ್ಚುವ ಹೊದಿಕೆ ಕೊಡಬೇಕಾಯಿತು. ಮಡಚುವಾಗ, ಬಿಡಿಸುವಾಗ ಮಕ್ಕಳ ಬೆರಳ ತುದಿ ಕೀಲಿಗೆ ಸಿಕ್ಕಿ ತುಂಡಾದ 12 ಪ್ರಕರಣಗಳು ವರದಿಯಾಗಿದ್ದವು. ಆ ಪಟ್ಟಿಯಲ್ಲಿ ಜೋಡಿಗಾಡಿಗಳೂ ಇದ್ದವು. ಒಂದು ಮಗುವಿರುವಾಗ ಗಾಡಿ ಬಿಡಿಸುವುದು ಬೇರೆ, ಪಕ್ಕದಲ್ಲಿ ಕುತೂಹಲದ ಇನ್ನೊಂದು ಮಗು ನಿಂತಿರುವಾಗ ಬೇರೆ. ಮಾದರಿಯ ಹೆಸರು, ತಯಾರಾದ ವರ್ಷ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಆ ಮಾದರಿಯನ್ನು ಕಂಪನಿ ಎಂದಾದರೂ ಹಿಂದಕ್ಕೆ ಕರೆಸಿತ್ತೇ ಎಂದು ಹುಡುಕಿ. ಚೀಟಿ ಕಿತ್ತುಹೋಗಿದ್ದರೆ ನಾನಾದರೆ ಕೊಳ್ಳುವುದಿಲ್ಲ.

ಬ್ರೇಕ್ ಪರೀಕ್ಷೆಗೆ ಇಳಿಜಾರು ಬೇಕು. ಎರಡೂ ಆಸನಗಳಲ್ಲಿ ಭಾರದ ಚೀಲ ಇಟ್ಟು, ಬ್ರೇಕ್ ಹಾಕಿ, ಕೈಯನ್ನು ಹಿಡಿಯ ಹತ್ತಿರವೇ ಇಟ್ಟುಕೊಂಡು ಬಿಟ್ಟು ನೋಡಿ. ಕೆಲವು ಜೋಡಿಗಾಡಿಗಳಲ್ಲಿ ಎಡಬಲಕ್ಕೆ ಬೇರೆಬೇರೆ ಪೆಡಲ್ ಇರುತ್ತದೆ, ಎರಡನ್ನೂ ತುಳಿಯಬೇಕು. ಒಂದೇ ಪೆಡಲಿನಲ್ಲಿ ಎರಡು ಚಕ್ರವೂ ನಿಲ್ಲುವಂಥದ್ದು ಉತ್ತಮ. ಪಟ್ಟಿ ಐದು ಕಡೆಯಿಂದ ಹಿಡಿಯುವಂಥದ್ದಿರಲಿ, ಭುಜ ಎರಡು, ಸೊಂಟ ಎರಡು, ಕಾಲಿನ ನಡುವೆ ಒಂದು. ಬಕಲ್ ನಿಮಗೆ ಬಿಚ್ಚಲು ಬರಬೇಕು, ಮಗಳಿಗೆ ಬರಬಾರದು. ಎರಡನೆಯದನ್ನು ಅವಳೇ ಪರೀಕ್ಷಿಸಿ ತೋರಿಸುತ್ತಾಳೆ.

ಚಕ್ರದಲ್ಲಿ ಗಾಳಿ ತುಂಬುವಂಥದ್ದಾದರೆ ಕುಲುಕಾಟ ಕಡಿಮೆ, ಪಂಕ್ಚರ್ ಹೆಚ್ಚು. ಫೋಮ್ ತುಂಬಿದ್ದಾದರೆ ಚಿಂತೆಯಿಲ್ಲ, ಕುಲುಕಾಟ ಸ್ವಲ್ಪ ಹೆಚ್ಚು. ಮುಂದಿನ ತಿರುಗುವ ಚಕ್ರಗಳಿಗೆ ಬೀಗ ಇರಲಿ, ಜಲ್ಲಿಯ ಮೇಲೆ ಅದನ್ನು ಹಾಕದಿದ್ದರೆ ಗಾಡಿ ತಾನೇ ದಾರಿ ಹುಡುಕುತ್ತದೆ.

ರಾತ್ರಿಪಾಳಿ
ಬಳಸಿದ ತೊಟ್ಟಿಲಿನ ಹಾಸಿಗೆ ಮಾತ್ರ ಹೊಸದಿರಲಿ. ಗಟ್ಟಿಯಾಗಿ, ಸಮತಟ್ಟಾಗಿ, ಅಂಚಿನಲ್ಲಿ ಸಂದು ಉಳಿಯದಂತೆ ಕೂರಬೇಕು. ಮೆತ್ತೆ, ದಿಂಬು ಸೇರಿಸಬೇಡಿ. ಕಾರಿನ ಶಿಶು ಆಸನವನ್ನೂ ಜೊತೆಗೆ ಕೊಡುತ್ತೇವೆ ಎಂದರೆ ಅದರ ಇತಿಹಾಸ ಪೂರ್ತಿ ಗೊತ್ತಿಲ್ಲದೆ ತೆಗೆದುಕೊಳ್ಳಬೇಡಿ. ಒಮ್ಮೆ ಅಪಘಾತ ಕಂಡ ಆಸನ ಹೊರಗಿನಿಂದ ಸರಿಯಾಗಿಯೇ ಕಾಣಬಹುದು.

ಅರೆನಿದ್ದೆ
ಹೋಗಿ ನೋಡಿದೆವು, ಅತ್ತೆಯೂ ಬಂದಿದ್ದರು. ಚೌಕಟ್ಟು ಗಟ್ಟಿಯಾಗಿದೆ, ಚೀಟಿ ಇದೆ, ಆ ಮಾದರಿಯನ್ನು ಕಂಪನಿ ಹಿಂದಕ್ಕೆ ಕರೆಸಿದ ಸುದ್ದಿ ಎಲ್ಲೂ ಸಿಗಲಿಲ್ಲ. ಅತ್ತೆ ಒಮ್ಮೆಗೇ ಮಡಚಿದರು, ಪತಿ ಮೂರನೆಯ ಸಲಕ್ಕೆ. ಮಗಳು ಬಲಗಡೆಯ ಆಸನದಲ್ಲಿ ಕುಳಿತವಳು ಇಳಿಯಲೊಲ್ಲಳು. ಎಡಗಡೆ ಚೀಲ ಇಟ್ಟು ತಳ್ಳಿದಾಗ ಚಕ್ರಪಾಣಿಯವರು ಹೇಳಿದಂತೆಯೇ ಬಲಕ್ಕೆ ಎಳೆಯಿತು, ಆದರೆ ಎರಡು ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ. ಒಂದೇ ಅಡಚಣೆ, ಕೆಳಗಿನ ಬುಟ್ಟಿ ಒಂದು ಕಡೆ ಹರಿದಿದೆ. ಡೈಪರ್ ಚೀಲವನ್ನು ಹಿಡಿಗೇ ಕೊಕ್ಕೆ ಹಾಕಿ ತೂಗಿಸಿದರೆ ನಡೆಯುತ್ತದೆಯೇ?

ಚಕ್ರಪಾಣಿ
ನಡೆಯುವುದಿಲ್ಲ. ಹಿಡಿ ಅಚ್ಚಿನ ಹಿಂದಿದೆ ಎಂದು ಮೊದಲೇ ಬರೆದೆನಲ್ಲ. ಮಗಳು ಇಳಿದು ಓಡಿದ ಕ್ಷಣ ಮುಂದಿನ 13 ಕಿಲೋ ಮಾಯವಾಗುತ್ತದೆ, ಉಳಿಯುವುದು ಹಸುಗೂಸು ಮತ್ತು ಹಿಂದೆ ತೂಗುವ ಚೀಲ, ಗಾಡಿ ಹಿಂದಕ್ಕೆ ಮಗುಚುತ್ತದೆ. ಬುಟ್ಟಿಯನ್ನು ಚೀಲ ಹೊಲಿಯುವವರ ಬಳಿ ಕೊಟ್ಟು ದಪ್ಪ ನೈಲಾನ್ ಬಟ್ಟೆಯಿಂದ ಹೊಲಿಸಿ, ಕೆಲಸ ದೊಡ್ಡದಲ್ಲ. ಅಲ್ಲಿಯವರೆಗೆ ಚೀಲವನ್ನು ಬೆನ್ನಿಗೆ ಹಾಕಿಕೊಳ್ಳಿ.

ಮೊಮ್ಮಕ್ಕಳ ಸಾರಥಿ
ಅತ್ತೆ ಒಮ್ಮೆಗೇ ಮಡಚಿದರೆ? ಮಾದರಿ ಯಾವುದು ಎಂದು ಬರೆಯಮ್ಮ, ಮಗನಿಗೆ ತೋರಿಸಬೇಕು.